ವ್ಯಾಕ್ಯೂಮ್ ಕ್ಲೀನರ್‌ನ ಆರೈಕೆ: ಧೂಳಿಗಿಂತ ಮೊದಲು ಗಾಳಿಯ ದಾರಿ

ಮನೆಯ ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಒಂದೇ ಬಗೆಯವು: ಹೊಸದರಲ್ಲಿ ಚೆನ್ನಾಗಿ ಎಳೆಯುತ್ತಿತ್ತು, ಈಗ ಸದ್ದು ಮಾತ್ರ ಮಾಡುತ್ತದೆ, ಧೂಳು ಇದ್ದಲ್ಲೇ ಉಳಿಯುತ್ತದೆ. ಮೋಟಾರ್ ಶಕ್ತಿಗುಂದಿದೆ ಎಂದು ಊಹಿಸುವುದು ಸಹಜ. ಆದರೆ ಆ ಊಹೆ ಸಾಮಾನ್ಯವಾಗಿ ತಪ್ಪಾಗಿರುತ್ತದೆ. ಮೋಟಾರ್ ಹಿಂದಿನಷ್ಟೇ ವೇಗದಲ್ಲಿ, ಕೆಲವೊಮ್ಮೆ ಹಿಂದಿಗಿಂತಲೂ ಹೆಚ್ಚು ವೇಗದಲ್ಲಿ ತಿರುಗುತ್ತಿರುತ್ತದೆ; ಯಂತ್ರದ ಒಳಗೆ ಹಾದುಹೋಗಬೇಕಾದ ಗಾಳಿಗೆ ದಾರಿ ಸಿಗುತ್ತಿರುವುದಿಲ್ಲ. ಈ ಒಂದು ಸಂಗತಿಯನ್ನು ಸರಿಯಾಗಿ ತಿಳಿದುಕೊಂಡರೆ ಯಾವ ಭಾಗವನ್ನು ಯಾವಾಗ, ಏಕೆ ಸ್ವಚ್ಛಗೊಳಿಸಬೇಕು ಎಂಬುದನ್ನು ಪ್ರತ್ಯೇಕವಾಗಿ ಬಾಯಿಪಾಠ ಮಾಡಬೇಕಾದ ಅಗತ್ಯವೇ ಇರುವುದಿಲ್ಲ.

ಯಂತ್ರ ಧೂಳನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವಾದರೂ ನಿಜವಾಗಿ ನಡೆಯುವುದು ಸ್ವಲ್ಪ ಬೇರೆ. ಮೋಟಾರಿಗೆ ಜೋಡಿಸಿದ ಫ್ಯಾನ್ ಒಳಗಿನ ಗಾಳಿಯನ್ನು ಹೊರದೂಡಿದಾಗ ಒಳಗೆ ಒತ್ತಡ ಕಡಿಮೆಯಾಗುತ್ತದೆ. ಆಗ ಹೊರಗಿನ ವಾತಾವರಣದ ಒತ್ತಡವೇ ಗಾಳಿಯನ್ನು ಯಂತ್ರದ ಬಾಯಿಯೊಳಗೆ ತಳ್ಳುತ್ತದೆ, ಆ ಗಾಳಿಯ ರಭಸಕ್ಕೆ ಸಿಕ್ಕ ಧೂಳು ಜೊತೆಯಲ್ಲೇ ಹೋಗುತ್ತದೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 101 ಕಿಲೋಪಾಸ್ಕಲ್. ವೈರ್ ಇರುವ ಸಾಧಾರಣ ಗೃಹಬಳಕೆಯ ಯಂತ್ರ ತನ್ನ ಬಾಯಿ ಪೂರ್ಣ ಮುಚ್ಚಿದ್ದಾಗ ಒಳಗಿನ ಒತ್ತಡವನ್ನು ಅದಕ್ಕಿಂತ ಸುಮಾರು 20 ಕಿಲೋಪಾಸ್ಕಲ್‌ನಷ್ಟು ತಗ್ಗಿಸಬಲ್ಲದು. ಆದರೆ ಬಾಯಿ ಪೂರ್ಣ ಮುಚ್ಚಿದ್ದಾಗ ಗಾಳಿಯೇ ಹರಿಯುವುದಿಲ್ಲವಾದ್ದರಿಂದ ಒಂದು ಕಣ ಧೂಳೂ ಮೇಲೇಳುವುದಿಲ್ಲ. ಅಂಗೈ ಇಟ್ಟಾಗ ಬಲವಾಗಿ ಕಚ್ಚಿಕೊಳ್ಳುವ ಯಂತ್ರ ನೆಲವನ್ನೂ ಚೆನ್ನಾಗಿ ಶುಚಿಗೊಳಿಸುತ್ತದೆ ಎಂದು ಹೇಳಲಾಗದಿರುವುದು ಇದಕ್ಕೇ. ಧೂಳನ್ನು ಹೊತ್ತೊಯ್ಯುವುದು ಹರಿಯುವ ಗಾಳಿ. ಒತ್ತಡದ ವ್ಯತ್ಯಾಸ ಆ ಹರಿವನ್ನು ಅಡೆತಡೆಗಳ ನಡುವೆಯೂ ಉಳಿಸಿಕೊಡುವ ಬಲ ಮಾತ್ರ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವ್ಯಾಟ್ ಅಂಕಿ ಈ ಹರಿವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಯಂತ್ರ ಬಳಸುವ ವಿದ್ಯುತ್ತಿನ ಲೆಕ್ಕ. ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರ್‌ನಿಂದ 1600 ವ್ಯಾಟ್, 2017ರ ಸೆಪ್ಟೆಂಬರ್‌ನಿಂದ 900 ವ್ಯಾಟ್ ಎಂಬ ಮಿತಿಯನ್ನು ಗೃಹಬಳಕೆಯ ಯಂತ್ರಗಳಿಗೆ ಹೇರಿದ ಮೇಲೂ ಅಲ್ಲಿನ ಮನೆಗಳ ನೆಲಹಾಸುಗಳು ಕೊಳೆಯಾಗಿ ಉಳಿಯಲಿಲ್ಲ. ತಯಾರಕರು ಗಾಳಿಯ ದಾರಿಯನ್ನೂ ನೆಲಕ್ಕೆ ತಾಗುವ ಬ್ರಷ್‌ನ ರಚನೆಯನ್ನೂ ಸುಧಾರಿಸಿ ಕಡಿಮೆ ವಿದ್ಯುತ್ತಿನಲ್ಲೇ ಅದೇ ಕೆಲಸವನ್ನು ಮಾಡಿಸಿಕೊಂಡರು. ಮನೆಯಲ್ಲಿ ನಾವು ಮಾಡುವ ನಿರ್ವಹಣೆಯೂ ಇದೇ ತತ್ತ್ವದ ಮೇಲೆ ನಿಂತಿದೆ.

ಎಲ್ಲಿ ಕಟ್ಟಿದೆ ಎಂದು ಹುಡುಕುವ ಕ್ರಮ

ಗಾಳಿಯ ದಾರಿ ನೆಲದ ಬ್ರಷ್‌ನಿಂದ ಆರಂಭವಾಗಿ, ಗಟ್ಟಿಯಾದ ಉದ್ದ ಪೈಪು, ಹಿಡಿಕೆ, ಬಾಗುವ ಹೋಸ್, ಧೂಳಿನ ಚೀಲ ಅಥವಾ ಡಬ್ಬಿ, ಮೋಟಾರಿಗಿಂತ ಮೊದಲಿನ ಫಿಲ್ಟರ್, ಮೋಟಾರ್ ಮತ್ತು ಅದರ ಫ್ಯಾನ್, ಕೊನೆಗೆ ಗಾಳಿ ಹೊರಹೋಗುವಲ್ಲಿರುವ ಫಿಲ್ಟರ್, ಹೀಗೆ ಸಾಗುತ್ತದೆ. ಸೆಳೆತ ಕಡಿಮೆಯಾಗಿದೆ ಎನ್ನಿಸಿದಾಗ ಎಲ್ಲವನ್ನೂ ಒಮ್ಮೆಲೇ ಬಿಚ್ಚಿ ತೊಳೆಯುವುದಕ್ಕಿಂತ ಈ ದಾರಿಯನ್ನು ಒಂದೊಂದೇ ತುಂಡಾಗಿ ಪರೀಕ್ಷಿಸುವುದು ಜಾಣತನ. ಮೊದಲು ಹೋಸನ್ನು ಯಂತ್ರದಿಂದ ಬೇರ್ಪಡಿಸಿ, ಯಂತ್ರವನ್ನು ಚಾಲೂ ಮಾಡಿ, ಹೋಸ್ ಸೇರುವ ರಂಧ್ರದ ಬಳಿ ಅಂಗೈ ಹಿಡಿದು ನೋಡಬೇಕು. ಅಲ್ಲೇ ಸೆಳೆತ ಮಂದವಾಗಿದ್ದರೆ ತೊಂದರೆ ಚೀಲದಲ್ಲಿ, ಡಬ್ಬಿಯಲ್ಲಿ ಅಥವಾ ಫಿಲ್ಟರುಗಳಲ್ಲಿದೆ. ಅಲ್ಲಿ ಜೋರಾಗಿದ್ದರೆ ಹೋಸ್ ಜೋಡಿಸಿ ಅದರ ತುದಿಯಲ್ಲಿ, ಅನಂತರ ಪೈಪಿನ ತುದಿಯಲ್ಲಿ, ಕೊನೆಗೆ ಬ್ರಷ್‌ನ ಬಾಯಿಯಲ್ಲಿ ನೋಡಬೇಕು. ಯಾವ ತುಂಡನ್ನು ಸೇರಿಸಿದಾಗ ಸೆಳೆತ ಕುಸಿಯುತ್ತದೆಯೋ ಅಡಚಣೆ ಅದರಲ್ಲೇ ಇದೆ. ಎರಡು ನಿಮಿಷವೂ ಹಿಡಿಯದ ಈ ಪರೀಕ್ಷೆ ಅನೇಕ ಅನಗತ್ಯ ದುರಸ್ತಿಗಳನ್ನು ತಪ್ಪಿಸುತ್ತದೆ.

ಕಿವಿಯೂ ಇಲ್ಲಿ ಒಳ್ಳೆಯ ಸಲಹೆಗಾರ. ದಾರಿ ಕಟ್ಟಿದಾಗ ಫ್ಯಾನ್ ಸಾಗಿಸಬೇಕಾದ ಗಾಳಿಯ ಪ್ರಮಾಣ ಇಳಿದು ಮೋಟಾರಿನ ಹೊರೆ ಹಗುರವಾಗುತ್ತದೆ, ಆದ್ದರಿಂದ ಅದು ಇನ್ನಷ್ಟು ವೇಗವಾಗಿ ತಿರುಗಿ ಕೀಚಲು ಸ್ವರ ಹೊರಡಿಸುತ್ತದೆ. ಸ್ವರ ಏರಿತು, ಸೆಳೆತ ಇಳಿಯಿತು ಎಂದರೆ ಅಡಚಣೆ ಖಚಿತ. ಸ್ವರ ಬದಲಾಗದೆ ಸೆಳೆತ ಮಾತ್ರ ಕಡಿಮೆಯಾಗಿದ್ದರೆ ಗಾಳಿ ನಡುವೆ ಎಲ್ಲೋ ಸೋರುತ್ತಿರಬಹುದು: ಹೋಸ್‌ನಲ್ಲಿ ಸೀಳು, ಡಬ್ಬಿಯ ಅಂಚಿನ ರಬ್ಬರ್ ಪಟ್ಟಿ ಜಾರಿರುವುದು, ಮುಚ್ಚಳ ಸರಿಯಾಗಿ ಕೂರದಿರುವುದು ಇತ್ಯಾದಿ. ಹಿಡಿಕೆಯ ಮೇಲೆ ಗಾಳಿಯನ್ನು ಬೇಕೆಂದೇ ಒಳಬಿಡಲು ಇರುವ ಚಿಕ್ಕ ಜಾರುಬಾಗಿಲು ಅರಿವಿಲ್ಲದೆ ತೆರೆದಿರುವುದೂ ಉಂಟು. ಪರದೆ ಶುಚಿಗೊಳಿಸಲು ಅದನ್ನು ತೆರೆದವರು ಮುಚ್ಚಲು ಮರೆತಿರುತ್ತಾರೆ.

ಕೆಲವು ಯಂತ್ರಗಳಲ್ಲಿ ಚೀಲ ತುಂಬಿದೆ ಎಂದು ತೋರಿಸುವ ದೀಪ ಅಥವಾ ಕೆಂಪು ಸೂಚಕ ಇರುತ್ತದೆ. ಅದು ಚೀಲದಲ್ಲಿರುವ ಧೂಳನ್ನು ಅಳೆಯುವುದಿಲ್ಲ, ಒಳಗಿನ ಒತ್ತಡ ಎಷ್ಟು ಇಳಿದಿದೆ ಎಂಬುದನ್ನು ಮಾತ್ರ ಗಮನಿಸುತ್ತದೆ. ಹಾಗಾಗಿ ಪೈಪಿನಲ್ಲಿ ಕಾಲುಚೀಲ ಸಿಕ್ಕಿಕೊಂಡರೂ, ಫಿಲ್ಟರ್ ಕಟ್ಟಿದರೂ ಅದೇ ಸೂಚಕ ಹತ್ತುತ್ತದೆ. ಬ್ರಷ್ಷನ್ನು ನೆಲದಿಂದ ಎತ್ತಿ ಹಿಡಿದು, ಯಂತ್ರವನ್ನು ಗರಿಷ್ಠ ವೇಗದಲ್ಲಿಟ್ಟು ನೋಡಿದಾಗಲೂ ಸೂಚಕ ಇಳಿಯದಿದ್ದರೆ ಮಾತ್ರ ಅದರ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಯಾವುದೇ ಭಾಗಕ್ಕೆ ಕೈ ಹಾಕುವ ಮೊದಲು ಪ್ಲಗ್ ಕೀಳಬೇಕು. ಬ್ಯಾಟರಿ ಯಂತ್ರವಾದರೆ ಬ್ಯಾಟರಿಯನ್ನು ತೆಗೆಯಬೇಕು, ತೆಗೆಯಲಾಗದಿದ್ದರೆ ಸ್ವಿಚ್ ಪೂರ್ಣ ಆರಿದೆ ಎಂದು ಖಚಿತಪಡಿಸಿಕೊಳ್ಳಬೇಕು. ತಿರುಗುವ ಬ್ರಷ್‌ಗೆ ಬೆರಳು ಸಿಕ್ಕಿಸಿಕೊಳ್ಳಲು ಒಂದು ಕ್ಷಣದ ಅಜಾಗರೂಕತೆ ಸಾಕು.

ಚೀಲ ಮತ್ತು ಡಬ್ಬಿ

ಚೀಲವಿರುವ ಯಂತ್ರಗಳಲ್ಲಿ ಚೀಲವೇ ಮೊದಲ ಫಿಲ್ಟರ್. ಗಾಳಿ ಅದರ ಗೋಡೆಯ ಮೂಲಕ ಹೊರಬರಬೇಕಾದ್ದರಿಂದ ಚೀಲ ತುಂಬಿದಂತೆಲ್ಲ ಗಾಳಿಗೆ ಉಳಿಯುವ ಗೋಡೆಯ ವಿಸ್ತಾರ ಕುಗ್ಗುತ್ತದೆ. ಪೂರ್ಣ ತುಂಬುವವರೆಗೆ ಕಾಯದೆ ಮೂರರಲ್ಲಿ ಎರಡು ಪಾಲು ತುಂಬಿದಾಗಲೇ ಬದಲಾಯಿಸುವುದು ಒಳ್ಳೆಯದು. ಇನ್ನೊಂದು ಸೂಕ್ಷ್ಮವಿದೆ: ಗೋಡೆಯ ಗಾರೆಪುಡಿ, ಹಿಟ್ಟು, ಟಾಲ್ಕಮ್ ಪೌಡರ್‌ನಂಥ ನಯವಾದ ಪುಡಿ ಚೀಲದ ರಂಧ್ರಗಳಿಗೇ ಅಂಟಿಕೊಳ್ಳುವುದರಿಂದ, ನೋಡಲು ಚೀಲ ಬಹುಮಟ್ಟಿಗೆ ಖಾಲಿಯಾಗಿದ್ದರೂ ಅದು ಕಟ್ಟಿಹೋಗಿರಬಹುದು. ಒಮ್ಮೆ ಬಳಸಿ ಎಸೆಯಲೆಂದು ಮಾಡಿದ ಚೀಲವನ್ನು ಕೊಡವಿ ಮತ್ತೆ ಹಾಕುವುದು ಉಳಿತಾಯದಂತೆ ಕಂಡರೂ, ಕೊಡವಿದಾಗ ಉದುರುವುದು ದಪ್ಪ ಕಸ ಮಾತ್ರ. ರಂಧ್ರಗಳನ್ನು ಮುಚ್ಚಿರುವ ನಯ ಧೂಳು ಅಲ್ಲೇ ಇರುತ್ತದೆ, ಮೇಲಾಗಿ ಸಡಿಲಗೊಂಡ ಹೊಲಿಗೆಯ ಮೂಲಕ ಧೂಳು ಮೋಟಾರಿನ ಕಡೆಗೆ ನುಗ್ಗುತ್ತದೆ. ಬಟ್ಟೆಯ ಚೀಲಗಳನ್ನು ಮರುಬಳಕೆಗೆಂದೇ ಮಾಡಿರುತ್ತಾರೆ. ಅವುಗಳನ್ನು ಮನೆಯ ಹೊರಗೆ ಕೊಡವಿ, ಒಳಗಿನಿಂದ ಮೃದು ಬ್ರಷ್‌ನಲ್ಲಿ ಉಜ್ಜಬಹುದು.

ಈ ಸಮಸ್ಯೆ ಯಂತ್ರದಷ್ಟೇ ಹಳೆಯದು. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಹೀರುವ ಯಂತ್ರಕ್ಕೆ ಪೇಟೆಂಟ್ ಪಡೆಯುವ ಮುನ್ನ, ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ ಬಾಯಿಯಿಂದ ಗಾಳಿ ಹೀರಿ, ಬಟ್ಟೆಯ ಮೇಲೆ ಧೂಳು ನಿಲ್ಲುವುದನ್ನು ಕಂಡುಕೊಂಡಿದ್ದ. ಕುದುರೆಗಾಡಿಯ ಮೇಲೆ ಬರುತ್ತಿದ್ದ ಆತನ ದೈತ್ಯ ಯಂತ್ರ ಬೀದಿಯಲ್ಲೇ ನಿಂತು, ಕಿಟಕಿಗಳ ಮೂಲಕ ಉದ್ದನೆಯ ಕೊಳವೆಗಳನ್ನು ಒಳಬಿಟ್ಟು ಮನೆಗಳನ್ನು ಶುಚಿಗೊಳಿಸುತ್ತಿತ್ತು. ಅಮೆರಿಕದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಕೈಯಲ್ಲಿ ನಡೆಸಬಹುದಾದ ವಿದ್ಯುತ್ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಪಡೆದ. ಆತ ಮೊದಲು ಧೂಳಿಗೆ ಕಟ್ಟಿದ್ದು ದಿಂಬಿನ ಚೀಲವನ್ನು. ಬಟ್ಟೆ ಧೂಳನ್ನು ತಡೆಯಬೇಕು, ಆದರೆ ಗಾಳಿಯನ್ನು ಬಿಡಬೇಕು ಎಂಬ ಇಕ್ಕಟ್ಟು ಅಂದಿನಿಂದಲೂ ಹಾಗೆಯೇ ಉಳಿದಿದೆ.

ಚೀಲವಿಲ್ಲದ ಯಂತ್ರಗಳು ಈ ಇಕ್ಕಟ್ಟನ್ನು ಸುಳಿಗಾಳಿಯಿಂದ ಬಿಡಿಸಲು ನೋಡುತ್ತವೆ. ಒಳಬಂದ ಗಾಳಿ ಡಬ್ಬಿಯೊಳಗೆ ವೇಗವಾಗಿ ಸುತ್ತುವಾಗ, ಭಾರವಿರುವ ಕಣಗಳು ಹೊರಗೋಡೆಗೆ ಎಸೆಯಲ್ಪಟ್ಟು ಕೆಳಗೆ ಬೀಳುತ್ತವೆ. ಮರದ ಕಾರ್ಖಾನೆಗಳಲ್ಲಿ ಹೊಟ್ಟನ್ನು ಬೇರ್ಪಡಿಸಲು ಬಳಸುತ್ತಿದ್ದ ಈ ವಿಧಾನವನ್ನು ಮನೆಯ ಯಂತ್ರಕ್ಕೆ ಒಗ್ಗಿಸಲು ಬ್ರಿಟನ್ನಿನ ಜೇಮ್ಸ್ ಡೈಸನ್ 5,127 ಪ್ರಾಯೋಗಿಕ ಮಾದರಿಗಳನ್ನು ಮಾಡಬೇಕಾಯಿತು. ಡಬ್ಬಿಯ ಮೇಲೆ ಗರಿಷ್ಠ ಮಟ್ಟದ ಗೆರೆ ಇರುವುದು ಈ ಸುಳಿಯ ರಕ್ಷಣೆಗಾಗಿ. ಕಸ ಆ ಗೆರೆಯನ್ನು ದಾಟಿದರೆ ಸುಳಿಯೇ ಕೆಳಗೆ ಬಿದ್ದ ಧೂಳನ್ನು ಮತ್ತೆ ಎಬ್ಬಿಸಿ ಫಿಲ್ಟರಿನತ್ತ ಒಯ್ಯುತ್ತದೆ. ಡಬ್ಬಿ ತುಂಬುವವರೆಗೆ ಬಿಡುವವರ ಮನೆಯಲ್ಲಿ ಫಿಲ್ಟರ್ ಪದೇಪದೇ ಕಟ್ಟುವುದರ ಕಾರಣ ಇಷ್ಟೇ. ಪ್ರತಿ ಬಳಕೆಯ ನಂತರ ಡಬ್ಬಿಯನ್ನು ಖಾಲಿ ಮಾಡುವ ರೂಢಿ ಹೆಚ್ಚಿನದೆನಿಸಿದರೂ ನನ್ನ ಮಟ್ಟಿಗೆ ಚೀಲರಹಿತ ಯಂತ್ರಕ್ಕೆ ಇದಕ್ಕಿಂತ ಅಗ್ಗದ ಆರೈಕೆ ಬೇರೊಂದಿಲ್ಲ. ಖಾಲಿ ಮಾಡುವಾಗ ಡಬ್ಬಿಯನ್ನು ಕಸದ ಚೀಲದ ಒಳಗೆ ಆಳವಾಗಿ ಇಳಿಸಿ ಮುಚ್ಚಳ ತೆರೆದರೆ ಧೂಳು ಮುಖಕ್ಕೆ ಹಾರುವುದಿಲ್ಲ. ಡಬ್ಬಿಯ ನಡುವೆ ಗಾಳಿಯನ್ನು ಸುತ್ತಿಸುವ ಭಾಗವಾದ ಸುಳಿಗೂಡಿನ ಸುತ್ತಲಿರುವ ಜಾಲರಿಗೆ ಸುತ್ತಿಕೊಂಡ ಕೂದಲು ಮತ್ತು ನೂಲನ್ನು ಒಣ ಬ್ರಷ್‌ನಿಂದ ಬಿಡಿಸಬೇಕು. ಬರಿಯ ಪ್ಲಾಸ್ಟಿಕ್ ಡಬ್ಬಿಯನ್ನು ತಣ್ಣೀರಿನಲ್ಲಿ ತೊಳೆಯಬಹುದು. ಸುಳಿಗೂಡನ್ನು ತೊಳೆಯಬಹುದೆಂದು ಕೈಪಿಡಿ ಸ್ಪಷ್ಟವಾಗಿ ಹೇಳದಿದ್ದರೆ ಅದಕ್ಕೆ ನೀರು ತಾಗಿಸಬಾರದು, ಏಕೆಂದರೆ ಒಳಗಿನ ಇಕ್ಕಟ್ಟಾದ ಕೊಳವೆಗಳಲ್ಲಿ ನಿಂತ ನೀರು ಒಣಗುವುದು ಬಹಳ ಕಷ್ಟ.

ಫಿಲ್ಟರ್: ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವ ಭಾಗ

ಫಿಲ್ಟರ್ ಜರಡಿಯಂತೆ ಕೆಲಸ ಮಾಡುತ್ತದೆ, ರಂಧ್ರಕ್ಕಿಂತ ದೊಡ್ಡದನ್ನು ತಡೆದು ಚಿಕ್ಕದನ್ನು ಬಿಡುತ್ತದೆ ಎಂಬುದು ಸಾಮಾನ್ಯ ಕಲ್ಪನೆ. ಹೆಪಾ ಎಂದು ಕರೆಯುವ ನಯವಾದ ಫಿಲ್ಟರುಗಳಲ್ಲಿ ನಡೆಯುವುದು ಬೇರೆ. ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ ಸೂಕ್ಷ್ಮ ನಾರುಗಳ ನಡುವೆ ಗಾಳಿ ಅಂಕುಡೊಂಕಾಗಿ ಸಾಗುವಾಗ, ದಪ್ಪ ಕಣಗಳು ತಿರುವು ತೆಗೆದುಕೊಳ್ಳಲಾಗದೆ ನಾರಿಗೆ ಡಿಕ್ಕಿ ಹೊಡೆಯುತ್ತವೆ. ಅತಿ ಸಣ್ಣ ಕಣಗಳು ಗಾಳಿಯ ಅಣುಗಳ ತಾಕಲಾಟದಿಂದ ಅತ್ತಿತ್ತ ಅಲೆದಾಡಿ ಕೊನೆಗೆ ಯಾವುದೋ ನಾರಿಗೆ ತಾಗಿ ಅಂಟಿಕೊಳ್ಳುತ್ತವೆ. ಈ ಎರಡು ಬಗೆಗೂ ಸಿಕ್ಕದೆ ನುಸುಳುವ ಸಾಧ್ಯತೆ ಹೆಚ್ಚಿರುವುದು ಸುಮಾರು 0.3 ಮೈಕ್ರಾನ್ ಗಾತ್ರದ ನಡುವಣ ಕಣಗಳಿಗೆ. ಆದ್ದರಿಂದಲೇ ಅಮೆರಿಕದ ಮಾನದಂಡ 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯಬೇಕು ಎಂದು ಹೇಳುತ್ತದೆ. ಅತ್ಯಂತ ಕಷ್ಟದ ಗಾತ್ರದಲ್ಲೇ ಅಷ್ಟು ಹಿಡಿದರೆ ಅದಕ್ಕಿಂತ ದೊಡ್ಡವೂ ಚಿಕ್ಕವೂ ಇನ್ನೂ ಸುಲಭವಾಗಿ ಸಿಗುತ್ತವೆ.

ಇದರಿಂದ ನಿರ್ವಹಣೆಗೆ ಎರಡು ಪರಿಣಾಮಗಳಿವೆ. ಹಳೆಯದಾಗುತ್ತ ಹೋದ ಫಿಲ್ಟರ್ ಧೂಳನ್ನು ತಡೆಯುವುದರಲ್ಲಿ ಸೋಲುವುದಿಲ್ಲ, ಅಂಟಿದ ಕಣಗಳೇ ಹೊಸ ಕಣಗಳಿಗೆ ತಡೆಯಾಗುವುದರಿಂದ ತಡೆಯುವ ಶಕ್ತಿ ಹೆಚ್ಚಲೂಬಹುದು. ಅದು ಸೋಲುವುದು ಗಾಳಿಯನ್ನು ಬಿಡುವುದರಲ್ಲಿ. ಮತ್ತೊಂದು, ನಾರುಗಳ ಹೆಣಿಗೆಯೇ ಫಿಲ್ಟರಿನ ಜೀವಾಳವಾದ್ದರಿಂದ ಗಟ್ಟಿ ಬ್ರಷ್‌ನಿಂದ ಉಜ್ಜುವುದು, ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಹಾಯಿಸುವುದು, ತೊಳೆಯಬಾರದ ಫಿಲ್ಟರನ್ನು ತೊಳೆಯುವುದು ಇವೆಲ್ಲ ಆ ಹೆಣಿಗೆಯನ್ನು ಹರಿಯುತ್ತವೆ. ಹರಿದ ಜಾಗದಿಂದ ಧೂಳು ಸಲೀಸಾಗಿ ಹೊರಬರುತ್ತದೆ, ಸೆಳೆತ ಮಾತ್ರ ಚೆನ್ನಾಗಿದೆ ಎನ್ನಿಸುತ್ತದೆ. ತೊಳೆಯಬಹುದೆಂಬ ಗುರುತಿಲ್ಲದ ಹೆಪಾ ಫಿಲ್ಟರನ್ನು ಮೆಲ್ಲಗೆ ತಟ್ಟಿ ಧೂಳು ಉದುರಿಸಬಹುದು, ಅದಕ್ಕಿಂತ ಹೆಚ್ಚೇನೂ ಬೇಡ. ಅವಧಿ ಮುಗಿದಾಗ ಬದಲಾಯಿಸಬೇಕು.

ಮೋಟಾರಿಗಿಂತ ಮೊದಲು ಇರುವ ಸ್ಪಂಜು ಅಥವಾ ಫೆಲ್ಟ್ ಫಿಲ್ಟರುಗಳು ಬಹುತೇಕ ತೊಳೆಯಬಹುದಾದವು. ತಿಂಗಳಿಗೊಮ್ಮೆ ತೆಗೆದು ನೋಡಿ, ಬೂದು ಬಣ್ಣಕ್ಕೆ ತಿರುಗಿದ್ದರೆ ತಣ್ಣನೆಯ ಹರಿಯುವ ನೀರಿನಲ್ಲಿ, ನೀರು ತಿಳಿಯಾಗುವವರೆಗೆ ಒತ್ತಿ ಒತ್ತಿ ತೊಳೆಯಬೇಕು. ಸಾಬೂನು ಹಾಕಿದರೆ ಅದರ ಅಂಶ ಸ್ಪಂಜಿನಲ್ಲಿ ಉಳಿದು ಮುಂದೆ ಧೂಳನ್ನು ಅಂಟಿಸಿಕೊಳ್ಳುತ್ತದೆ. ಬಟ್ಟೆ ಹಿಂಡುವಂತೆ ತಿರುಚಿದರೆ ಸ್ಪಂಜು ಹರಿಯುತ್ತದೆ ಅಥವಾ ಆಕಾರ ಕಳೆದುಕೊಂಡು ಅಂಚಿನಲ್ಲಿ ಸಂದು ಬಿಡುತ್ತದೆ. ಒಣಗಿಸುವ ವಿಷಯದಲ್ಲಂತೂ ಅವಸರ ಸಲ್ಲದು: ಗಾಳಿಯಾಡುವ ನೆರಳಿನಲ್ಲಿ ಕನಿಷ್ಠ 24 ಗಂಟೆ, ಹವೆಯಲ್ಲಿ ತೇವ ಹೆಚ್ಚಿದ್ದರೆ ಇನ್ನೂ ಹೆಚ್ಚು ಹೊತ್ತು ಬಿಡಬೇಕು. ಕೂದಲು ಒಣಗಿಸುವ ಯಂತ್ರದ ಬಿಸಿ, ಒಲೆಯ ಶಾಖ, ದೀರ್ಘಕಾಲದ ಕಡುಬಿಸಿಲು ಯಾವುದೂ ಸ್ಪಂಜಿಗೆ ಒಳ್ಳೆಯದಲ್ಲ. ಹೊರಗಿನಿಂದ ಮುಟ್ಟಿದರೆ ಒಣಗಿದಂತಿದ್ದರೂ ನಡುವೆ ತೇವ ಉಳಿದಿರುವ ಫಿಲ್ಟರನ್ನು ಹಾಕಿದರೆ, ಬರುವ ಧೂಳು ಅದರ ಮೇಲೆ ಕೆಸರಾಗಿ ಮೆತ್ತಿಕೊಳ್ಳುತ್ತದೆ, ಬೂಷ್ಟು ಬೆಳೆದು ವಾಸನೆ ಹಿಡಿಯುತ್ತದೆ, ತೇವ ಮೋಟಾರಿಗೂ ತಲುಪಬಹುದು. ಒಂದು ಜೊತೆ ಹೆಚ್ಚುವರಿ ಫಿಲ್ಟರ್ ಕೊಂಡಿಟ್ಟುಕೊಂಡರೆ ಈ ಅವಸರಕ್ಕೆ ಅವಕಾಶವೇ ಇರುವುದಿಲ್ಲ. ಫಿಲ್ಟರ್ ಒಣಗಲಿ ಎಂದು ಬಿಟ್ಟು, ಅದಿಲ್ಲದೆಯೇ ಯಂತ್ರ ನಡೆಸುವುದು ಮಾತ್ರ ಯಾವ ಕಾರಣಕ್ಕೂ ಕೂಡದು.

ಬ್ರಷ್, ಬೆಲ್ಟ್, ಹೋಸ್

ತಿರುಗುವ ಬ್ರಷ್ ರೋಲರ್ ನೆಲಹಾಸಿನ ಎಳೆಗಳನ್ನು ಬಡಿದು ಧೂಳನ್ನು ಸಡಿಲಿಸುತ್ತದೆ, ಅದರ ಜೊತೆಗೇ ಮನೆಯಲ್ಲಿ ಬಿದ್ದ ಪ್ರತಿಯೊಂದು ಉದ್ದ ಕೂದಲನ್ನೂ ಸುತ್ತಿಕೊಳ್ಳುತ್ತದೆ. ಅನೇಕ ರೋಲರುಗಳ ಉದ್ದಕ್ಕೂ ಒಂದು ತೋಡು ಇರುತ್ತದೆ. ಕತ್ತರಿಯ ತುದಿಯನ್ನು ಅದರಲ್ಲಿ ಹಾಯಿಸಿದರೆ ಸುತ್ತಿದ ಕೂದಲು ತುಂಡಾಗಿ ಸುಲಭವಾಗಿ ಬಿಡುತ್ತದೆ. ನಡುವಿನ ಕೂದಲು ಕಣ್ಣಿಗೆ ಕಾಣುತ್ತದೆ, ಆದರೆ ಹಾನಿ ಮಾಡುವುದು ಎರಡೂ ತುದಿಗಳಲ್ಲಿ ಬೇರಿಂಗಿನೊಳಗೆ ನುಸುಳಿದ ಕೂದಲು. ಅದು ಘರ್ಷಣೆ ಹೆಚ್ಚಿಸಿ ಬಿಸಿ ಹುಟ್ಟಿಸುತ್ತದೆ, ಪ್ಲಾಸ್ಟಿಕ್ ತುದಿ ಕರಗುವಷ್ಟು. ಆದ್ದರಿಂದ ರೋಲರನ್ನು ಹೊರತೆಗೆಯಲು ಬರುವಂತಿದ್ದರೆ ಆಗಾಗ ತೆಗೆದು ತುದಿಮುಚ್ಚಳಗಳನ್ನೂ ಬಿಡಿಸಿ ನೋಡಬೇಕು, ಕೈಯಿಂದ ತಿರುಗಿಸಿದಾಗ ಅದು ಹಗುರವಾಗಿ ಸುತ್ತಬೇಕು.

ರೋಲರನ್ನು ಬೆಲ್ಟ್ ತಿರುಗಿಸುವ ಯಂತ್ರಗಳಲ್ಲಿ ಸುಟ್ಟ ರಬ್ಬರಿನ ವಾಸನೆ ಬಂದರೆ, ರೋಲರ್ ಸಿಕ್ಕಿಕೊಂಡು ಬೆಲ್ಟ್ ಜಾರುತ್ತಿದೆ ಎಂದು ಅರ್ಥ. ಹಲ್ಲಿಲ್ಲದ ಚಪ್ಪಟೆ ಬೆಲ್ಟ್ ಕಾಲಕ್ರಮದಲ್ಲಿ ಹಿಗ್ಗುತ್ತದೆ. ತುಂಡಾಗದಿದ್ದರೂ ಸಡಿಲವಾದದ್ದನ್ನು ಬದಲಾಯಿಸಬೇಕು. ಹಲ್ಲಿನ ಬೆಲ್ಟ್ ಹೆಚ್ಚು ಬಾಳುತ್ತದೆ.

ಹೋಸ್ ಮತ್ತು ಪೈಪಿನಲ್ಲಿ ಅಡಚಣೆ ಹುಟ್ಟುವುದು ಸಾಮಾನ್ಯವಾಗಿ ತಿರುವುಗಳಲ್ಲಿ: ಬ್ರಷ್‌ನ ಕುತ್ತಿಗೆ, ಹಿಡಿಕೆಯ ಬಾಗು, ಯಂತ್ರಕ್ಕೆ ಸೇರುವ ಮೊಣಕೈ. ಒಂದು ಕಡ್ಡಿ ಅಡ್ಡ ಸಿಕ್ಕಿಕೊಂಡರೆ ಅದರ ಸುತ್ತ ಕೂದಲು, ನೂಲು, ಕಾಗದದ ಚೂರು ಸೇರಿ ಮುದ್ದೆಗಟ್ಟುತ್ತದೆ. ಬಿಡಿಸಿದ ಹೋಸನ್ನು ನೇರವಾಗಿ ಎತ್ತಿ ಹಿಡಿದು ಒಂದು ನಾಣ್ಯವನ್ನು ಬಿಟ್ಟರೆ, ಅದು ಕೆಳಗಿನಿಂದ ಹೊರಬರುವುದೋ ಇಲ್ಲವೋ ಎಂಬುದರಿಂದಲೇ ವಿಷಯ ತಿಳಿಯುತ್ತದೆ. ಅಡಚಣೆಯನ್ನು ತಳ್ಳಲು ಮೊಂಡು ತುದಿಯ ಕೋಲು ಬಳಸಬೇಕು. ಚೂಪಾದ ತಂತಿ ಹೋಸನ್ನು ಒಳಗಿನಿಂದ ಸೀಳುತ್ತದೆ. ಬ್ರಷ್‌ಗೆ ಪ್ರತ್ಯೇಕ ಮೋಟಾರ್ ಇರುವ ಯಂತ್ರಗಳ ಹೋಸ್‌ನ ಗೋಡೆಯಲ್ಲಿ ವಿದ್ಯುತ್ ತಂತಿ ಹಾಯ್ದಿರುತ್ತದೆ, ಅಂಥ ಹೋಸನ್ನು ನೀರಿನಲ್ಲಿ ಅದ್ದಬಾರದು. ಸಣ್ಣ ಸೀಳಿಗೆ ಟೇಪ್ ಸುತ್ತುವುದು ತಾತ್ಕಾಲಿಕ ಉಪಾಯವಷ್ಟೆ.

ಬಿಸಿ, ತೇವ ಮತ್ತು ಹೀರಬಾರದ ವಸ್ತುಗಳು

ಮನೆಯ ಬಹುತೇಕ ಯಂತ್ರಗಳಲ್ಲಿ ಧೂಳನ್ನು ತಂದ ಗಾಳಿಯೇ ಶುದ್ಧವಾದ ಮೇಲೆ ಮೋಟಾರನ್ನು ತಂಪುಮಾಡುತ್ತ ಹೊರಹೋಗುತ್ತದೆ. ಗಾಳಿ ನಿಂತರೆ ಶುಚಿಯೂ ನಿಲ್ಲುತ್ತದೆ, ತಂಪೂ ನಿಲ್ಲುತ್ತದೆ. ನಡುವೆ ಯಂತ್ರ ತಾನಾಗಿ ಆರಿಹೋದರೆ ಅದು ಹಾಳಾಗಿದೆ ಎಂದು ಗಾಬರಿಪಡುವ ಮೊದಲು, ಅತಿ ಬಿಸಿಯಾದಾಗ ವಿದ್ಯುತ್ತನ್ನು ಕಡಿಯುವ ರಕ್ಷಣಾ ಸ್ವಿಚ್ ಕೆಲಸ ಮಾಡಿರಬಹುದು ಎಂಬುದನ್ನು ನೆನೆಯಬೇಕು. ಪ್ಲಗ್ ಕಿತ್ತು, ಅಡಚಣೆಯನ್ನು ಹುಡುಕಿ ತೆಗೆದು, ಅರ್ಧ ಗಂಟೆಯಿಂದ ಒಂದು ಗಂಟೆ ತಣಿಯಲು ಬಿಟ್ಟರೆ ಅದು ಮತ್ತೆ ಚಾಲೂ ಆಗುತ್ತದೆ. ಕಾರಣ ಹುಡುಕದೆ ಪದೇಪದೇ ಚಾಲೂ ಮಾಡುತ್ತಿದ್ದರೆ ಒಂದು ದಿನ ಮೋಟಾರಿನ ತಂತಿಸುರುಳಿಯ ಮೇಲಿನ ಲೇಪ ಸುಡುತ್ತದೆ. ಯಂತ್ರದೊಳಗೆ ಸುತ್ತಿಕೊಳ್ಳುವ ವೈರನ್ನೂ ಪೂರ್ತಿ ಹೊರಗೆಳೆಯಬೇಕು, ಸುತ್ತಿದ ಸ್ಥಿತಿಯಲ್ಲಿ ಅದರ ಬಿಸಿ ಆರುವುದಿಲ್ಲ. ಅದರ ಮೇಲೆ ಕಾಣುವ ಹಳದಿ ಗುರುತು ಸಾಕಷ್ಟು ಎಳೆದಾಯಿತು ಎಂದೂ, ಕೆಂಪು ಗುರುತು ಇನ್ನು ಎಳೆಯಬಾರದೆಂದೂ ತಿಳಿಸುತ್ತವೆ.

ಒಣ ಯಂತ್ರದಲ್ಲಿ ನೀರನ್ನಾಗಲಿ ಒದ್ದೆ ಕಸವನ್ನಾಗಲಿ ಹೀರಬಾರದು. ಅದಕ್ಕೆಂದೇ ಇರುವ ಯಂತ್ರಗಳಲ್ಲಿ ಮೋಟಾರನ್ನು ತಂಪುಮಾಡುವ ಗಾಳಿಗೆ ಬೇರೆ ದಾರಿ ಇರುತ್ತದೆ. ಆರಿದಂತೆ ಕಾಣುವ ಬೂದಿಯೊಳಗೆ ಕೆಂಡ ಇರಬಹುದು, ಗಾಳಿ ತಾಗಿದೊಡನೆ ಅದು ಚೀಲದೊಳಗೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್, ಥಿನ್ನರ್‌ನಂಥ ದ್ರವ ಚೆಲ್ಲಿದ ಜಾಗಕ್ಕೆ ಯಂತ್ರವನ್ನು ಒಯ್ಯಲೇಬಾರದು, ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಇಂಗಾಲದ ತುಂಡು) ಇರುವ ಮೋಟಾರಿನಲ್ಲಿ ಸಣ್ಣ ಕಿಡಿಗಳು ಸದಾ ಹಾರುತ್ತಿರುತ್ತವೆ. ಪ್ರಿಂಟರಿನ ಟೋನರ್ ಪುಡಿ ಸಾಧಾರಣ ಫಿಲ್ಟರನ್ನು ದಾಟುವಷ್ಟು ನಯವಾದದ್ದು. ಒಡೆದ ಗಾಜು ಹೋಸನ್ನೂ ಚೀಲವನ್ನೂ ಕುಯ್ಯುತ್ತದೆ.

ಯಂತ್ರದಿಂದ ಬರುವ ಮುಗ್ಗಲು ವಾಸನೆಗೆ ಸುಗಂಧ ಸಿಂಪಡಿಸುವುದು ಪರಿಹಾರವಲ್ಲ. ತೇವಗೊಂಡ ಕಸ, ಸಾಕುಪ್ರಾಣಿಯ ರೋಮ, ಪೂರ್ತಿ ಒಣಗದ ಫಿಲ್ಟರ್ ಇವುಗಳಲ್ಲಿ ಯಾವುದೋ ಒಂದು ಒಳಗೆ ಕೊಳೆಯುತ್ತಿರುತ್ತದೆ. ಅದನ್ನು ತೆಗೆದರೆ ವಾಸನೆ ಹೋಗುತ್ತದೆ.

ಬ್ಯಾಟರಿ ಯಂತ್ರಗಳಿಗೂ ಮೇಲಿನದೆಲ್ಲ ಅನ್ವಯಿಸುತ್ತದೆ. ಇವುಗಳ ಫಿಲ್ಟರ್ ಚಿಕ್ಕದಾದ್ದರಿಂದ ಬೇಗ ಕಟ್ಟುತ್ತದೆ. ಮೋಟಾರ್ ಬಿಟ್ಟುಬಿಟ್ಟು ತುಡಿಯುವಂತೆ ಸದ್ದು ಮಾಡಿದರೆ ಅದು ಬಹುತೇಕ ಅಡಚಣೆಯ ಸೂಚನೆ. ಲಿಥಿಯಂ ಬ್ಯಾಟರಿಯ ಶತ್ರು ಬಿಸಿ, ಆದ್ದರಿಂದ ಬಳಸಿದ ಕೂಡಲೇ ಚಾರ್ಜಿಗೆ ಹಾಕದೆ ಸ್ವಲ್ಪ ತಣಿಯಲು ಬಿಡಬೇಕು. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧದಷ್ಟು ಚಾರ್ಜ್ ಉಳಿಸಿ ತಂಪಾದ ಜಾಗದಲ್ಲಿಡಬೇಕು. ತಾನೇ ಓಡಾಡುವ ರೋಬಾಟ್ ಯಂತ್ರಗಳಲ್ಲಿ ಇದಲ್ಲದೆ ಮುಂದಿನ ಪುಟ್ಟ ಚಕ್ರಕ್ಕೆ ಸುತ್ತಿದ ಕೂದಲು, ತಳದ ಸಂವೇದಕಗಳ ಮೇಲಿನ ಧೂಳು, ಚಾರ್ಜ್ ಆಗುವ ಲೋಹದ ತುಣುಕುಗಳ ಮೇಲಿನ ಕೊಳೆ ಇವನ್ನು ಒಣ ಬಟ್ಟೆಯಿಂದ ಒರೆಸುತ್ತಿರಬೇಕು. ಮೆಟ್ಟಿಲಿಲ್ಲದ ಕಡೆಯೂ ರೋಬಾಟ್ ಹೆದರಿ ಹಿಂದೆ ಸರಿಯುತ್ತಿದ್ದರೆ ತಳದ ಸಂವೇದಕ ಮಸುಕಾಗಿರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಸೆಳೆತ ಬಾರದಿದ್ದರೆ ಆಗ ಮೋಟಾರಿನ ಸರದಿ. ಕಿಡಿ ಹೆಚ್ಚಾಗಿ, ಯಂತ್ರ ತಡೆತಡೆದು ಓಡಿದರೆ ಕಾರ್ಬನ್ ಬ್ರಷ್ ಸವೆದಿರಬಹುದು, ಅದನ್ನು ತಂತ್ರಜ್ಞರು ಕಡಿಮೆ ಖರ್ಚಿನಲ್ಲಿ ಬದಲಾಯಿಸುತ್ತಾರೆ. ಕರಕರ ಎನ್ನುವ ಒರಟು ಸದ್ದು ಬೇರಿಂಗ್ ಸವೆತದ್ದು; ಇದಾದಾಗ ದುರಸ್ತಿಯ ವೆಚ್ಚವನ್ನು ಹೊಸ ಯಂತ್ರದ ಬೆಲೆಯೊಡನೆ ಹೋಲಿಸಿ ನೋಡುವುದು ಯುಕ್ತ. ಯುರೋಪಿಯನ್ ಒಕ್ಕೂಟದ 2013ರ ನಿಯಮ ಮೋಟಾರ್ ಕನಿಷ್ಠ 500 ಗಂಟೆ ಬಾಳಬೇಕು ಎಂದು ವಿಧಿಸಿದೆ. ವಾರಕ್ಕೆ ಒಂದು ಗಂಟೆ ಬಳಸುವ ಮನೆಯಲ್ಲಿ ಅದು ಒಂಬತ್ತು ವರ್ಷಕ್ಕೂ ಮಿಕ್ಕಿದ ಲೆಕ್ಕ. ಬಿಡಿಭಾಗ ಕೊಳ್ಳುವಾಗ ಯಂತ್ರದ ಹೆಸರು ಹೇಳಿದರೆ ಸಾಲದು, ತಳದಲ್ಲೋ ಡಬ್ಬಿಯ ಹಿಂದೆಯೋ ಅಂಟಿಸಿದ ಚೀಟಿಯಲ್ಲಿರುವ ಪೂರ್ಣ ಮಾದರಿ ಸಂಖ್ಯೆಯನ್ನು ಕೊಡಬೇಕು, ಏಕೆಂದರೆ ಒಂದೇ ಹೆಸರಿನ ಎರಡು ಮಾದರಿಗಳ ಫಿಲ್ಟರಿನಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸವಿದ್ದರೂ ಅಂಚಿನ ಸಂದಿನಿಂದ ಧೂಳು ನೇರವಾಗಿ ಮೋಟಾರಿಗೆ ಹೋಗುತ್ತದೆ.